ಕಾಯಿಲೆ ಬೆಕ್ಕಿಗೆ ಇನ್ನೊಂದು ಮನೆ: ಊರು ಬಿಡುವವರ ಸಂಕಟ

ದೊಡ್ಡಗಾಜನೂರು (ತಾಳವಾಡಿ): ಅಟ್ಟದಲ್ಲಿ ರಾಗಿ, ಹಿತ್ತಲಲ್ಲಿ ಹುಲ್ಲಿನ ಮೆದೆ ಇರುವ ಮನೆಯಲ್ಲಿ ಬೆಕ್ಕೂ ಇರಲೇಬೇಕು. ಇಲ್ಲದಿದ್ದರೆ ಇಲಿಗಳದ್ದೇ ದರ್ಬಾರು. ಸಂಬಳ ಕೇಳದೆ ಹತ್ತು-ಹನ್ನೆರಡು ವರ್ಷ ದುಡಿದ ಆ ಬೆಕ್ಕಿಗೆ ವಯಸ್ಸಾಗಿ, ಕಾಯಿಲೆ ಹತ್ತಿ, ಅದೇ ಹೊತ್ತಿಗೆ ಮನೆಯವರೂ ಊರು ಬಿಡಬೇಕಾಗಿ ಬಂದರೆ?

ದೊಡ್ಡಗಾಜನೂರು ಎಂದೊಡನೆ ಕರ್ನಾಟಕದವರಿಗೆ ನೆನಪಾಗುವುದು ವರನಟ ಡಾ. ರಾಜ್‌ಕುಮಾರ್. 2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಅವರನ್ನು ಅಪಹರಿಸಿದ್ದು ಈ ಊರಿನಿಂದಲೇ. ಜಿಲ್ಲೆ ಈರೋಡು, ಮನೆಮಾತು ಕನ್ನಡ. ಮಕ್ಕಳು ಓದಿ ಮೈಸೂರು, ಬೆಂಗಳೂರು, ಕೊಯಮತ್ತೂರು ಎಂದು ಚದುರುತ್ತಾರೆ. ಒಂದು ದಿನ ಅಪ್ಪ-ಅವ್ವನನ್ನೂ ಕರೆಸಿಕೊಳ್ಳುತ್ತಾರೆ. ಹಸುವಿಗೆ ಗಿರಾಕಿ ಸಿಗುತ್ತದೆ, ಜಮೀನು ಗುತ್ತಿಗೆಗೆ ಹೋಗುತ್ತದೆ. ಬೆಕ್ಕನ್ನು ಮಾತ್ರ ಕೇಳುವವರಿಲ್ಲ. ಬಾಡಿಗೆ ಮನೆಯ ಓನರ್ರು ‘ಪ್ರಾಣಿಗೀಣಿ ಬೇಡ’ ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು.

ಮರಿಯಾಗಿದ್ದರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಪದೇ ಪದೇ ಮೂತ್ರ ಕಟ್ಟುವ ಗಂಡು ಬೆಕ್ಕನ್ನೋ, ಬಾಯಿ ಹುಣ್ಣಾಗಿ ಜೊಲ್ಲು ಸುರಿಸುವ ಮುದಿ ಬೆಕ್ಕನ್ನೋ ಯಾರು ಕೇಳಿಯಾರು?

ಗೋಣಿಚೀಲದ ದಾರಿ

ಇಂಥ ಹೊತ್ತಿನಲ್ಲಿ ಹಳ್ಳಿಗೆ ಗೊತ್ತಿರುವ ಹಳೇ ಉಪಾಯವೆಂದರೆ ಗೋಣಿಚೀಲ. ದಾರಿ ಗುರುತು ಸಿಗದಂತೆ ಬೆಕ್ಕನ್ನು ಚೀಲಕ್ಕೆ ಹಾಕಿ, ಹಳ್ಳ ದಾಟಿಸಿ ಬಿಟ್ಟು ಬರುವುದು. ‘ಇಲಿ ಗಿಲಿ ಹಿಡ್ಕೊಂಡು ಬದ್ಕೊಳ್ತದ ಬುಡು’ ಎಂಬ ಸಮಾಧಾನ ಬೇರೆ. ಬೆಕ್ಕನ್ನು ಕೊಂದರೆ ಪಾಪ, ಚಿನ್ನದ ಬೆಕ್ಕು ದಾನ ಮಾಡಿದರೂ ತೀರದು ಎಂದು ನಂಬುವ ಜನವೇ ಇದು. ಕೈಯಾರೆ ಕೊಲ್ಲುವುದಿಲ್ಲ, ನಿಜ. ಆದರೆ ಬೇಟೆಯಾಡಲು ಕಸುವಿಲ್ಲದ ಬೆಕ್ಕನ್ನು ಕಾಡಂಚಿಗೆ ಬಿಟ್ಟು ಬಂದರೆ ಆಗುವುದು ಅದೇ ಅಲ್ಲವೇ? ಸಾವು ನಾಲ್ಕು ದಿನ ತಡವಾಗುತ್ತದೆ, ಅಷ್ಟೆ.

ಸುತ್ತಲಿನ ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಊರ ಬೆಕ್ಕಿನ ಕೆಲವು ವೈರಸ್ ರೋಗಗಳು ಕಾಡುಬೆಕ್ಕಿಗೂ ಚಿರತೆಗೂ ತಗಲಬಲ್ಲವು. ಇನ್ನು ಕಾನೂನು. ಹಸಿವು-ನೀರಡಿಕೆಯಿಂದ ನರಳುವಂಥ ಕಡೆ ಸಾಕುಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಅದರಲ್ಲಿ ಬರೆದಿರುವ ದಂಡ 10ರಿಂದ 50 ರೂಪಾಯಿ! ಇವತ್ತು ಒಂದು ಕೋಳಿಯೂ ಬಾರದ ದುಡ್ಡು. ಅಂಥ ದಂಡಕ್ಕೆ ಹೆದರುವವರು ಯಾರು?

ಮನೆಗೋ, ಮನೆಯವರಿಗೋ?

ನಾಯಿ ಮನುಷ್ಯರನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ ಎಂಬ ಮಾತಿದೆ. ಬಿಟ್ಟು ಹೋಗುವವರಿಗೆ ಈ ಮಾತು ತುಂಬ ಅನುಕೂಲ. ಆದರೆ ಜಪಾನಿನ ಅತ್ಸುಕೊ ಸೈತೊ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳು ಬೇರೆಯದನ್ನೇ ಹೇಳುತ್ತವೆ. ಬೆಕ್ಕು ತನ್ನ ಮನೆಯವರ ದನಿಯನ್ನು ಅಪರಿಚಿತರ ದನಿಯಿಂದ ಬೇರ್ಪಡಿಸಿ ಗುರುತಿಸುತ್ತದೆ ಎಂದು 2013ರಲ್ಲಿ, ತನ್ನ ಹೆಸರನ್ನು ಉಳಿದ ಮಾತುಗಳ ನಡುವೆ ಗುರುತಿಸುತ್ತದೆ ಎಂದು 2019ರಲ್ಲಿ ಅವರು ಪ್ರಕಟಿಸಿದರು. ಕರೆದರೂ ತಿರುಗಿ ನೋಡದಿರುವುದು ಗೊತ್ತಾಗದೆ ಅಲ್ಲ, ಅದರ ಜಂಬ!

ಹಾಗಾಗಿ ಹೊಸ ಮನೆ ತಮಿಳರದ್ದಾದರೂ ಹೆಸರು ಮಾತ್ರ ಹಳೆಯದೇ ಇರಲಿ. ‘ಬಾ ಪುಟ್ಟಿ’ ಎಂದು ಕರೆಸಿಕೊಂಡ ಬೆಕ್ಕಿಗೆ ಆ ಎರಡಕ್ಷರವೂ ಹೋದರೆ ಉಳಿಯುವುದೇನು?

ಬಚ್ಚಿಟ್ಟು ಕೊಡಬೇಡಿ

ಬೆಕ್ಕು ಕೊಡುವಾಗ ಜನ ಮಾಡುವ ದೊಡ್ಡ ತಪ್ಪೆಂದರೆ ಕಾಯಿಲೆ ಮುಚ್ಚಿಡುವುದು. ಹೇಳಿದರೆ ತಗೊಳ್ಳೋದಿಲ್ಲ ಎಂಬ ಭಯ. ತಿಂಗಳೊಳಗೆ ಗುಟ್ಟು ರಟ್ಟಾಗುತ್ತದೆ, ಬೆಕ್ಕು ಬೀದಿಗೆ ಬೀಳುತ್ತದೆ. ಹೇಳಿ ಕೊಟ್ಟರೆ ಹತ್ತು ಮನೆಯವರು ಬೇಡ ಎನ್ನಬಹುದು. ಒಪ್ಪುವ ಹನ್ನೊಂದನೆಯವರೇ ಅದನ್ನು ಉಳಿಸುವವರು.

ಗಂಡು ಬೆಕ್ಕಿಗೆ ಮೂತ್ರ ಕಟ್ಟುವುದು ಎಲ್ಲಕ್ಕಿಂತ ಅಪಾಯ. ಮುಕ್ಕುತ್ತದೆ, ಕೂಗುತ್ತದೆ, ಹಿಂದಿನ ಭಾಗ ನೆಕ್ಕುತ್ತಲೇ ಇರುತ್ತದೆ, ಮೂತ್ರ ಬಾರದು. ನೋಡಿದವರು ಮಲಬದ್ಧತೆ ಎಂದುಕೊಳ್ಳುತ್ತಾರೆ. ಎರಡು-ಮೂರು ದಿನದಲ್ಲಿ ಪ್ರಾಣವೇ ಹೋಗಬಹುದು. ಬೆಳಿಗ್ಗೆ ನೋಡೋಣ ಎನ್ನುವ ಕಾಯಿಲೆ ಇದಲ್ಲ. ಅದೂ ಈ ಭಾಗದಲ್ಲಿ 2022ರ ಫೆಬ್ರುವರಿಯಿಂದ ದಿಂಬಂ ಘಟ್ಟದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗುವುದಕ್ಕಿಂತ ಗಡಿ ದಾಟಿ ಚಾಮರಾಜನಗರದ ಕಡೆ ಹೊರಡುವುದೇ ಸುಲಭ. ಹೊಸ ಮನೆಯಿಂದ ಡಾಕ್ಟರ ಹತ್ತಿರ ಹೋಗಲು ಎಷ್ಟು ಹೊತ್ತು ಬೇಕು ಎಂಬುದನ್ನು ಕೊಡುವ ಮುನ್ನವೇ ಕೇಳಿಕೊಳ್ಳಬೇಕು. ಹಳ್ಳಿಯ ದನದಾಸ್ಪತ್ರೆಯಲ್ಲಿ ಹಸು-ಎಮ್ಮೆಯದ್ದೇ ಮುಖ್ಯ ಕೆಲಸ. ಹೆಚ್ಚಿನ ಚಿಕಿತ್ಸೆಗೆ ತಮಿಳುನಾಡಿನಲ್ಲಿ ನಾಮಕ್ಕಲ್, ಕರ್ನಾಟಕದಲ್ಲಿ ಹೆಬ್ಬಾಳದ ಪಶುವೈದ್ಯ ಕಾಲೇಜುಗಳ ಆಸ್ಪತ್ರೆಗಳಿವೆ. ಎರಡೂ ದೂರವೇ.

ಮುದಿ ಬೆಕ್ಕು ಅತಿಯಾಗಿ ನೀರು ಕುಡಿದು, ಅತಿಯಾಗಿ ಮೂತ್ರ ಮಾಡಿ ಸೊರಗುತ್ತಿದ್ದರೆ ಕಿಡ್ನಿ ತೊಂದರೆಯೋ ಸಕ್ಕರೆ ಕಾಯಿಲೆಯೋ ಇದ್ದೀತು. ಸಕ್ಕರೆ ಕಾಯಿಲೆಯಾದರೆ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು. ಮನೆಯಲ್ಲಿ ಅಜ್ಜನಿಗೆ ಸೂಜಿ ಚುಚ್ಚಿ ಅಭ್ಯಾಸವಿರುವವರಿಗೆ ಇದು ಅಂಥ ಕಷ್ಟವಲ್ಲ. ಆದರೆ ಅಜ್ಜನ ಅಳತೆ ಬೆಕ್ಕಿಗೆ ಸಲ್ಲದು, ಡಾಕ್ಟರೇ ಹೇಳಬೇಕು. ಜ್ವರಕ್ಕೆಂದು ಪ್ಯಾರಸಿಟಮಾಲ್ ಮಾತ್ರ ಕೊಡಲೇಕೂಡದು. ಬೆಕ್ಕಿಗೆ ಅದು ವಿಷ, ಅರ್ಧ ಮಾತ್ರೆಯೂ ಕೊಲ್ಲಬಹುದು.

ಊಟದ ವಿಷಯದಲ್ಲಿ ಮುಜುಗರದ ಮಾತೊಂದಿದೆ. ಮಾಂಸ ಮುಟ್ಟದ ಮನೆಗಳಲ್ಲಿ ಬೆಕ್ಕು ಹಾಲನ್ನ ತಿಂದೇ ಬೆಳೆಯುತ್ತದೆ, ಬೇಕಾದ್ದನ್ನು ಇಲಿ ಹಿಡಿದು ಸರಿದೂಗಿಸಿಕೊಳ್ಳುತ್ತದೆ. ಕಾಯಿಲೆ ಬಿದ್ದು ಬೇಟೆ ನಿಂತರೆ ಆ ದಾರಿ ಮುಚ್ಚಿತು. ಮಾಂಸ-ಮೀನಿನಲ್ಲಿರುವ ಟಾರಿನ್ ಎಂಬ ಅಂಶ ಸಿಗದಿದ್ದರೆ ಬೆಕ್ಕಿನ ಕಣ್ಣು ಹೋಗಬಹುದು, ಹೃದಯ ಸೋಲಬಹುದು. ಮೀನು, ಕೋಳಿ ಬೇಯಿಸುವ ಮನೆ ಸಿಕ್ಕರೆ ಇಂಥ ಬೆಕ್ಕಿಗೆ ಅದು ಅದೃಷ್ಟವೇ. ಕೊಡುವವರು ಅದನ್ನು ಮೈಲಿಗೆ ಎಂದುಕೊಳ್ಳಬೇಕಿಲ್ಲ.

ಮೊದಲ ಮೂರು ವಾರ

ಮನೆ ಬದಲಾಗುವುದೇ ಬೆಕ್ಕಿಗೆ ಒಂದು ಪೆಟ್ಟು. ಒಮ್ಮೆ ಬಂದ ಬೆಕ್ಕಿನ ನೆಗಡಿ ವೈರಸ್ ಮೈಯೊಳಗೇ ಅಡಗಿದ್ದು, ಇಂಥ ಗಾಬರಿಯಾದ ವಾರದೊಳಗೆ ಮತ್ತೆ ಕಾಣಿಸಿಕೊಳ್ಳಬಹುದು. ಮೂತ್ರದ ತೊಂದರೆಯೂ ಕೆರಳುತ್ತದೆ. ಆದ್ದರಿಂದ ಕಾಯಿಲೆ ಒಂದು ಹದಕ್ಕೆ ಬಂದಿರುವಾಗಲೇ ಕೊಡಬೇಕೇ ಹೊರತು ಊರು ಬಿಡುವ ಹಿಂದಿನ ದಿನ ಅಲ್ಲ. ಅದು ಮಲಗುತ್ತಿದ್ದ ಹಳೇ ಸೀರೆಯನ್ನು ಒಗೆಯದೆ ಜೊತೆಗೆ ಕಳಿಸಬೇಕು, ಉಣ್ಣುವ ತಟ್ಟೆಯನ್ನೂ. ಮೊದಲು ಒಂದೇ ಕೋಣೆ, ಮಣ್ಣು ತುಂಬಿದ ಒಂದು ಬುಟ್ಟಿ. ಮೂರು ವಾರ ಹೊರಗೆ ಬಿಡದಿದ್ದರೆ ಒಳ್ಳೆಯದು. ಬಿಟ್ಟರೆ ಹಳೇ ಮನೆ ಹುಡುಕಿಕೊಂಡು ಹೊರಡುತ್ತದೆ, ಬೀಗ ಹಾಕಿದ ಬಾಗಿಲ ಮುಂದೆ ಕೂರುತ್ತದೆ. ಎರಡು ದಿನ ಏನೂ ತಿನ್ನದಿದ್ದರೆ ಡಾಕ್ಟರಿಗೆ ತೋರಿಸಬೇಕು. ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪನೆಯದರ, ಯಕೃತ್ತು ಕೆಡುತ್ತದೆ.

ಔಷಧಿ ಚೀಟಿ ಓದುವವರ ಲಿಪಿಯಲ್ಲಿರಲಿ. ಅಂಗಡಿ ಬೋರ್ಡು, ಬಸ್ಸಿನ ಬೋರ್ಡಿನ ಭಾಷೆಗೆ ಗಡಿಯಲ್ಲಿ ಜಗಳವಿರಬಹುದು; ಯಾವ ಔಷಧಿ, ಎಷ್ಟು, ಯಾವ ಹೊತ್ತಿಗೆ ಎಂಬುದನ್ನು ಕನ್ನಡದಲ್ಲೂ ತಮಿಳಿನಲ್ಲೂ ಬರೆದುಕೊಟ್ಟರೆ ಯಾರ ಗಂಟೂ ಹೋಗದು.

ಯಾರೂ ಸಿಗದಿದ್ದರೆ? ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾದಂಥ ಸಂಸ್ಥೆಗಳನ್ನು ವಿಚಾರಿಸಬಹುದು. ಹತ್ತಾರು ಪ್ರಾಣಿಗಳಿರುವ ಕಡೆ ಕಾಯಿಲೆ ಬೆಕ್ಕು ಇನ್ನಷ್ಟು ಬಳಲುವುದೂ ಉಂಟು, ಹಾಗಾಗಿ ಅದು ಕೊನೆಯ ದಾರಿಯಾಗಲಿ. ಗುಣವಾಗದ ನೋವಿನಲ್ಲಿ ನರಳುತ್ತಿದ್ದರೆ ಡಾಕ್ಟರ ಸೂಜಿಯಿಂದ ಶಾಂತವಾಗಿ ಕಣ್ಣು ಮುಚ್ಚಿಸುವುದು ಗೋಣಿಚೀಲಕ್ಕಿಂತ ಎಷ್ಟೋ ಮೇಲು. ಹೇಳಲು ಕಷ್ಟವಾದರೂ ಇದು ಸತ್ಯ.

ಮನೆ ಸಿಕ್ಕರೆ ಬೆಕ್ಕಿನ ಜೊತೆ ಫೋನ್ ನಂಬರೂ ಹೋಗಬೇಕು, ‘ನಿಮ್ ಕೈಲಿ ಆಗ್ದೇ ಇದ್ರೆ ನಮ್ಗೇ ಹೇಳ್ಕಳ್ಸಿ, ಬೀದಿಗೆ ಬುಡ್ಬೇಡಿ’ ಎಂಬ ಒಂದು ಮಾತೂ ಹೋಗಬೇಕು.