ಬಂಧಿಸಿದವರೇ ಉತ್ತರ ಹೇಳಬೇಕು: ಹೇಬಿಯಸ್ ಕಾರ್ಪಸ್ ರಿಟ್ ಮತ್ತು ನಾಗಪುರದ ಮೊಕದ್ದಮೆಗಳು

ಒಬ್ಬ ವ್ಯಕ್ತಿಯನ್ನು ಸೆರೆಯಲ್ಲಿ ಇರಿಸಿದವರನ್ನು ‘ಯಾವ ಕಾನೂನಿನ ಆಧಾರದ ಮೇಲೆ ಇವನನ್ನು ಇರಿಸಿಕೊಂಡಿದ್ದೀರಿ?’ ಎಂದು ಕೇಳುವ ಅಧಿಕಾರವು ನಮ್ಮ ನ್ಯಾಯಾಲಯಗಳಿಗೆ ಉಂಟು. ಈ ಪ್ರಶ್ನೆಯನ್ನು ಹೊತ್ತ ಆಜ್ಞೆಯೇ ಹೇಬಿಯಸ್ ಕಾರ್ಪಸ್ ರಿಟ್. ಲ್ಯಾಟಿನ್ ಭಾಷೆಯ ಈ ಪದಗಳಿಗೆ ‘ದೇಹವನ್ನು ಹಾಜರುಪಡಿಸತಕ್ಕದ್ದು’ ಎಂಬ ಭಾವವಿದೆ. ಸಂವಿಧಾನದ 226ನೇ ಅನುಚ್ಛೇದದ ಮೇರೆಗೆ ಉಚ್ಚ ನ್ಯಾಯಾಲಯದಲ್ಲಿಯೂ 32ನೇ ಅನುಚ್ಛೇದದ ಮೇರೆಗೆ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಇದಕ್ಕಾಗಿ ಅರ್ಜಿ ಸಲ್ಲಿಸಬಹುದು. ಸೆರೆಯಲ್ಲಿರುವವನೇ ಅರ್ಜಿದಾರನಾಗಬೇಕೆಂಬ ನಿಯಮವಿಲ್ಲ. ಅವನ ಪತ್ನಿ, ತಾಯಿ, ಮಿತ್ರ ಯಾರು ಬೇಕಾದರೂ ಅರ್ಜಿದಾರರಾಗಬಹುದು.

ಈ ರಿಟ್‌ನ ವಿಷಯದಲ್ಲಿ ನಾಗಪುರ ನಗರಕ್ಕೆ ವಿಶೇಷ ಸ್ಥಾನವಿದೆ. ಇಲ್ಲಿ 1936ರಲ್ಲಿ ಸ್ಥಾಪಿತವಾದ ಉಚ್ಚ ನ್ಯಾಯಾಲಯವು 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತ ರಕ್ಷಣಾ ನಿಯಮಾವಳಿಯ 129ನೇ ನಿಯಮವು, ಸಾರ್ವಜನಿಕ ಸುರಕ್ಷತೆಗೆ ಧಕ್ಕೆ ತರುವನೆಂಬ ಸಕಾರಣ ಸಂಶಯವುಳ್ಳ ವ್ಯಕ್ತಿಯನ್ನು ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವನ್ನು ಪೊಲೀಸರಿಗೆ ನೀಡಿತ್ತು. ಹೀಗೆ ನಡೆದ ಒಂದು ಬಂಧನವನ್ನು ವಿಮಲಾಬಾಯಿ ದೇಶಪಾಂಡೆ ಅವರು ನಾಗಪುರದ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಸಂವಿಧಾನವಾಗಲಿ ಮೂಲಭೂತ ಹಕ್ಕುಗಳಾಗಲಿ ಇನ್ನೂ ಇರಲಿಲ್ಲ. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 491ನೇ ಪ್ರಕರಣವೊಂದೇ ಆಸರೆಯಾಗಿತ್ತು. ಸಂಶಯವು ಸಕಾರಣವಾಗಿತ್ತೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡುವ ಹೊಣೆ ಬಂಧಿಸಿದವರ ಮೇಲಿದೆ ಎಂಬ ತತ್ತ್ವವು ಈ ಮೊಕದ್ದಮೆಯಲ್ಲಿ ಸ್ಥಿರಪಟ್ಟಿತು. 1946ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ ಇದನ್ನು ಎತ್ತಿಹಿಡಿಯಿತು. ತಾನು ನಿರಪರಾಧಿಯೆಂದು ಬಂದಿಯು ಸಾಧಿಸಬೇಕಿಲ್ಲ; ಬಂಧನವು ಕಾನೂನುಬದ್ಧವೆಂದು ಬಂಧಿಸಿದವರು ಸಾಧಿಸಬೇಕು.

ಸ್ವತಂತ್ರ ಭಾರತದಲ್ಲಿಯೂ ಅಪರಾಧ ನಡೆಯುವ ಮೊದಲೇ, ನಡೆದೀತೆಂಬ ಶಂಕೆಯಿಂದ ವ್ಯಕ್ತಿಯನ್ನು ಬಂಧಿಸುವ ಕಾನೂನುಗಳು ಉಂಟು. ಇದಕ್ಕೆ ಮುಂಜಾಗ್ರತಾ ಬಂಧನವೆಂದು ಹೆಸರು. ಸಂವಿಧಾನವು ಇದಕ್ಕೆ ಅವಕಾಶ ಕೊಟ್ಟಿದೆಯಾದರೂ 22ನೇ ಅನುಚ್ಛೇದದ 5ನೇ ಖಂಡದಲ್ಲಿ ಒಂದು ಕಟ್ಟುಪಾಡನ್ನು ವಿಧಿಸಿದೆ. ಬಂಧನದ ಕಾರಣಗಳನ್ನು ಬಂದಿಗೆ ಆದಷ್ಟು ಬೇಗ ತಿಳಿಯಪಡಿಸಬೇಕು. ಅದರ ವಿರುದ್ಧ ಮನವಿ ಸಲ್ಲಿಸಲು ಅವನಿಗೆ ಅವಕಾಶ ನೀಡಬೇಕು. ಇಲ್ಲಿ ‘ತಿಳಿಯಪಡಿಸುವುದು’ ಎಂದರೇನು? ಈ ಪ್ರಶ್ನೆಯೂ ನಾಗಪುರದಿಂದಲೇ ಎದ್ದಿತು.

1961ರ ಏಪ್ರಿಲ್‌ನಲ್ಲಿ ನಾಗಪುರದ ಜಿಲ್ಲಾ ಮ್ಯಾಜಿಸ್ಟ್ರೇಟರು 1950ರ ಮುಂಜಾಗ್ರತಾ ಬಂಧನ ಅಧಿನಿಯಮದ ಮೇರೆಗೆ ಒಬ್ಬ ವ್ಯಕ್ತಿಯ ಬಂಧನಕ್ಕೆ ಆದೇಶವಿತ್ತರು. ಆದೇಶವೂ ಕಾರಣಗಳೂ ಇಂಗ್ಲಿಷಿನಲ್ಲಿದ್ದವು. ತನಗೆ ಇಂಗ್ಲಿಷ್ ಬಾರದು, ಹಿಂದಿ ಅನುವಾದವನ್ನು ಕೊಡಿರೆಂದು ಬಂದಿಯು ಕೇಳಿಕೊಂಡನು. ಇಂಗ್ಲಿಷ್ ಆಡಳಿತ ಭಾಷೆಯಾಗಿರುವುದರಿಂದ ಅನುವಾದ ಅನಾವಶ್ಯಕವೆಂದು ಅಧಿಕಾರಿಗಳು ನಿರಾಕರಿಸಿದರು. ಕಾಗದಗಳನ್ನು ತಲುಪಿಸಿದಾಗ ಪೊಲೀಸ್ ಅಧಿಕಾರಿಯು ಸಾರಾಂಶವನ್ನು ಹಿಂದಿಯಲ್ಲಿ ಬಾಯಿಮಾತಿನಿಂದ ವಿವರಿಸಿದ್ದನೆಂಬ ಸಮಾಧಾನವೂ ಬಂತು. ಉಚ್ಚ ನ್ಯಾಯಾಲಯದಲ್ಲಿ ಅರ್ಜಿ ಬಿದ್ದುಹೋಯಿತು. ಆದರೆ ವಕೀಲರು ಅಲ್ಲಿಗೆ ನಿಲ್ಲಿಸದೆ ಮೇಲ್ಮನವಿ ಸಲ್ಲಿಸಿದರು. ‘ಹರಿಕಿಸನ್ ವಿರುದ್ಧ ಮಹಾರಾಷ್ಟ್ರ ರಾಜ್ಯ’ ಎಂದು ಪ್ರಸಿದ್ಧವಾದ ಈ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಬಂದಿಯ ಪರವಾಗಿ ತೀರ್ಪಿತ್ತಿತು. ಬಂದಿಗೆ ಅರ್ಥವಾಗುವ ಭಾಷೆಯಲ್ಲಿ, ಅವನು ಓದಬಲ್ಲ ಲಿಪಿಯಲ್ಲಿ ಕಾರಣಗಳನ್ನು ಕೊಡಬೇಕು. ಬರಿಯ ಬಾಯಿಮಾತಿನ ವಿವರಣೆ ಸಾಲದು. ಓದಿ ತಿಳಿಯಲಾಗದ ಆರೋಪಕ್ಕೆ ಯಾರು ತಾನೆ ಉತ್ತರ ಬರೆಯಬಲ್ಲರು? ಇಂದು ನಾಗಪುರದಲ್ಲಿಯೋ ಸೊಲ್ಲಾಪುರದಲ್ಲಿಯೋ ಕನ್ನಡವೊಂದನ್ನೇ ಬಲ್ಲ ಕಾರ್ಮಿಕನಿಗೆ ಇಂತಹ ಆದೇಶ ತಲುಪಿದಲ್ಲಿ, ಅದರ ಕನ್ನಡ ಪ್ರತಿಯನ್ನು ಕೇಳುವ ಹಕ್ಕು ಅವನಿಗೆ ಈ ತೀರ್ಪಿನಿಂದ ದೊರೆತಿದೆ.

ವಕೀಲರ ಕೆಲಸದ ಸ್ವರೂಪವು ಈ ಮೊಕದ್ದಮೆಯಿಂದಲೇ ವ್ಯಕ್ತವಾಗುತ್ತದೆ. ಬಂದಿಯು ಒಳ್ಳೆಯವನೆಂದು ಅವರು ವಾದಿಸುವುದಿಲ್ಲ, ಕಾಗದಗಳನ್ನು ಓದುತ್ತಾರೆ. ಆದೇಶವಿತ್ತ ಅಧಿಕಾರಿಗೆ ಆ ಅಧಿಕಾರವಿತ್ತೆ? ಆಧಾರವಾಗಿಟ್ಟುಕೊಂಡ ದಾಖಲೆಗಳ ಪ್ರತಿಗಳೆಲ್ಲವೂ ಬಂದಿಗೆ ದೊರೆತವೆ? ಅವನ ಮನವಿ ಯಾವ ಮೇಜಿನ ಮೇಲೆ ಎಷ್ಟು ದಿನ ಬಿದ್ದಿತ್ತು? ವಿವರಣೆಯಿಲ್ಲದ ವಿಳಂಬವೊಂದರಿಂದಲೇ ಬಂಧನಾದೇಶಗಳು ರದ್ದಾದ ಉದಾಹರಣೆಗಳು ಹಲವು. ಮೂರು ತಿಂಗಳಿಗೆ ಮೀರಿ ಬಂಧನವನ್ನು ಮುಂದುವರಿಸಲು ಸಲಹಾ ಮಂಡಳಿಯ ಅಭಿಪ್ರಾಯವೂ ಅಗತ್ಯ. ಆ ಮಂಡಳಿಯ ಮುಂದೆ ವಕೀಲರ ಮೂಲಕ ವಾದಿಸುವ ಹಕ್ಕು ಬಂದಿಗೆ ಸಾಮಾನ್ಯವಾಗಿ ಇಲ್ಲ. ಆದುದರಿಂದಲೇ ಹೇಬಿಯಸ್ ಕಾರ್ಪಸ್ ಅರ್ಜಿಗೆ ಇಷ್ಟು ಮಹತ್ತ್ವ: ವಕೀಲನ ಧ್ವನಿಯು ಹಕ್ಕಾಗಿ ಕೇಳಿಸುವುದು ಅಲ್ಲಿಯೇ. ಮಹಾರಾಷ್ಟ್ರದ 1981ರ ಅಪಾಯಕಾರಿ ಚಟುವಟಿಕೆಗಳ ತಡೆ ಅಧಿನಿಯಮ, ಕರ್ನಾಟಕದಲ್ಲಿ ‘ಗೂಂಡಾ ಕಾಯ್ದೆ’ಯೆಂದು ಹೆಸರಾದ 1985ರ ಅಧಿನಿಯಮ, ಇವೆರಡಕ್ಕೂ ಇದು ಅನ್ವಯಿಸುತ್ತದೆ.

ರಿಟ್‌ಗೆ ಮಿತಿಯೂ ಇದೆ. ಮ್ಯಾಜಿಸ್ಟ್ರೇಟರ ಕ್ರಮಬದ್ಧ ಆದೇಶದಂತೆ ನ್ಯಾಯಾಂಗ ಬಂಧನದಲ್ಲಿರುವವನಿಗೆ ಸಾಮಾನ್ಯವಾಗಿ ಜಾಮೀನೇ ಮಾರ್ಗ. ಆದರೆ ಬಂಧಿಸಿದ 24 ಗಂಟೆಗಳೊಳಗೆ, ಪ್ರಯಾಣದ ಅವಧಿಯನ್ನು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸದೆ ಠಾಣೆಯಲ್ಲಿಯೇ ಇರಿಸಿಕೊಂಡರೆ ಅದು ಸಂವಿಧಾನಬಾಹಿರ.

ಈ ಹಕ್ಕು ಒಮ್ಮೆ ಕೈತಪ್ಪಿಯೂ ಹೋಗಿತ್ತು. 1975ರ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನಲ್ಲಿ ಬಂಧಿತರಾದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಮಧು ದಂಡವತೆ ಮೊದಲಾದವರು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಸಲ್ಲಿಸಿದರು. ಇಂತಹ ಅರ್ಜಿಗಳನ್ನು ವಿಚಾರಿಸಬಹುದೆಂದು ಕರ್ನಾಟಕದ ನ್ಯಾಯಾಲಯ, ನಾಗಪುರ ಪೀಠ ಹಾಗೂ ಇನ್ನೂ ಕೆಲವು ಉಚ್ಚ ನ್ಯಾಯಾಲಯಗಳು ಧೈರ್ಯದಿಂದ ಹೇಳಿದವು. ಸರ್ಕಾರವು ಮೇಲ್ಮನವಿ ಸಲ್ಲಿಸಿತು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯವು ನಾಲ್ವರು ನ್ಯಾಯಮೂರ್ತಿಗಳ ಬಹುಮತದಿಂದ ಆ ತೀರ್ಪುಗಳನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. 1978ರ 44ನೇ ತಿದ್ದುಪಡಿಯು, ಜೀವ ಮತ್ತು ದೈಹಿಕ ಸ್ವಾತಂತ್ರ್ಯದ 21ನೇ ಅನುಚ್ಛೇದದ ಜಾರಿಯನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿ ಇಡಲಾಗದಂತೆ ಮಾಡಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠವು 1976ರ ಆ ತೀರ್ಪನ್ನು ಅನೂರ್ಜಿತಗೊಳಿಸಿತು.

ವಕೀಲರನ್ನು ಕಾಣಲು ಹೋಗುವ ಬಂಧುಗಳು ಬಂಧನಾದೇಶದ ಪ್ರತಿ, ಬಂಧನವಾದ ದಿನ, ವೇಳೆ, ಸ್ಥಳ ಹಾಗೂ ಸಲ್ಲಿಸಿದ ಮನವಿಗಳ ವಿವರವನ್ನು ತಪ್ಪದೆ ಒಯ್ಯಬೇಕು. ಆದೇಶದ ಪ್ರತಿ ಸಿಕ್ಕಿಲ್ಲವೆಂದು ಸುಮ್ಮನೆ ಕೂರಬೇಕಾಗಿಲ್ಲ. ಸಿಕ್ಕದಿರುವುದೇ ಅರ್ಜಿಯಲ್ಲಿ ಒಂದು ಮುಖ್ಯ ಆಕ್ಷೇಪಣೆಯಾಗಬಹುದು. ವಕೀಲರ ಶುಲ್ಕವನ್ನು ಭರಿಸಲಾರದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಆಸರೆಯಿದೆ. ಅದರ 12ನೇ ಪ್ರಕರಣದಂತೆ ಬಂಧನದಲ್ಲಿರುವ ವ್ಯಕ್ತಿಯು ಉಚಿತ ಕಾನೂನು ನೆರವಿಗೆ ಅರ್ಹನು. ಇದಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಅಥವಾ ಉಚ್ಚ ನ್ಯಾಯಾಲಯದ ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದು. ದೂರವಾಣಿ ಸಂಖ್ಯೆ 15100ಕ್ಕೆ ಕರೆ ಮಾಡಿಯೂ ನೆರವು ಕೇಳಬಹುದು.