ವಿಮಾನಯಾನವೂ ರಾಜ್ಯಶಾಸನವೂ

ವ್ಯಾಪಾರವು ಸ್ವತಂತ್ರವಾಗಿರಬೇಕೆ, ಶಾಸನಕ್ಕೆ ಅಧೀನವಾಗಿರಬೇಕೆ ಎಂಬ ಪ್ರಶ್ನೆಯು ಪ್ರಾಚೀನವಾದುದು. ಭಾರತದ ವಿಮಾನಯಾನದ ಇತಿಹಾಸವನ್ನು ಅವಲೋಕಿಸಿದರೆ, ಎರಡಕ್ಕೂ ತಕ್ಕ ಎಡೆಯುಂಟೆಂಬುದು ವಿದಿತವಾಗುತ್ತದೆ.

1953ರಲ್ಲಿ ಸರ್ಕಾರವು ಖಾಸಗಿ ವಿಮಾನ ಕಂಪನಿಗಳನ್ನು ರಾಷ್ಟ್ರೀಕರಿಸಿ, ವಿದೇಶಯಾನಕ್ಕೊಂದು, ಸ್ವದೇಶಯಾನಕ್ಕೊಂದು, ಹೀಗೆ ಎರಡು ನಿಗಮಗಳನ್ನು ಸ್ಥಾಪಿಸಿತು. ಸುಮಾರು ನಾಲ್ಕು ದಶಕಗಳ ಪರ್ಯಂತ ಮಾರ್ಗವೂ ದರವೂ ಸರ್ಕಾರದ ಅಂಕೆಯಲ್ಲಿದ್ದುವು. 1994ರಲ್ಲಿ ಆ ಅಧಿನಿಯಮವು ರದ್ದಾಗಿ ಖಾಸಗಿಯವರಿಗೆ ಬಾಗಿಲು ತೆರೆಯಿತು; 2022ರಲ್ಲಿ ಏರ್ ಇಂಡಿಯಾ ಸಂಸ್ಥೆಯೇ ಟಾಟಾ ಸಮೂಹದ ವಶವಾಯಿತು.

ಆದರೆ ದರದ ಹಿಡಿತ ಸಡಿಲಿದಂತೆ ಸುರಕ್ಷತೆಯ ಹಿಡಿತ ಸಡಿಲಲಿಲ್ಲ, ಸಡಿಲಲೂಕೂಡದು. ಅಗ್ಗದ ಟಿಕೇಟನ್ನು ಪ್ರಯಾಣಿಕನು ತಾನೇ ಆರಿಸಿಕೊಳ್ಳಬಲ್ಲನು; ಎಂಜಿನ್ನಿನ ದೋಷವನ್ನಾಗಲಿ ಚಾಲಕನ ಬಳಲಿಕೆಯನ್ನಾಗಲಿ ಕಾಣಬಲ್ಲನೆ? ಆದುದರಿಂದಲೇ ವಿಮಾನದ ಯೋಗ್ಯತೆ, ಚಾಲಕನ ಪರವಾನಗಿ, ಅವನ ವಿಶ್ರಾಂತಿಯ ಅವಧಿ ಇವುಗಳಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನಿಯಮಗಳನ್ನು ವಿಧಿಸುತ್ತದೆ. 1934ರ ವಿಮಾನ ಕಾಯಿದೆಯ ಸ್ಥಾನದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮವೂ ಈ ಅಧಿಕಾರವನ್ನು ಉಳಿಸಿಕೊಂಡಿದೆ.

ಇನ್ನು ಲಾಭವಿಲ್ಲದೆಡೆಗೆ ವ್ಯಾಪಾರಿಯು ತಾನಾಗಿ ಹೋಗನು. ಈ ಕೊರತೆಯನ್ನು ನೀಗಲು 2016ರಲ್ಲಿ ರೂಪುಗೊಂಡ ‘ಉಡಾನ್’ ಯೋಜನೆಯು ಕೆಲವು ಆಸನಗಳ ದರಕ್ಕೆ ಮಿತಿ ವಿಧಿಸಿ, ನಷ್ಟವನ್ನು ತುಂಬಿಕೊಡುತ್ತದೆ. 2020ರಲ್ಲಿ ನಮ್ಮ ಬೀದರಿಗೆ ಬೆಂಗಳೂರಿನ ವಿಮಾನ ಬಂದುದು ಈ ನೆರವಿನಿಂದಲೇ. ನೆರವು ಮಾತ್ರ ಕಾಲಮಿತಿಯುಳ್ಳದ್ದು. ಮುಂದೆ ಬೀದರಿನ ಸಂಚಾರವು ಕೆಲಕಾಲ ನಿಂತು, 2025ರಲ್ಲಿ ಪುನರಾರಂಭವಾಯಿತು.

ದರವನ್ನು ಪೈಪೋಟಿಗೆ ಬಿಡಬಹುದು. ಪ್ರಾಣರಕ್ಷಣೆಯನ್ನೂ ದೂರದ ಊರುಗಳ ಹಿತವನ್ನೂ ಬಿಡಲಾಗದು. ಶಾಸನದ ಸಾರ್ಥಕತೆಯಿರುವುದು ಈ ವಿವೇಕದಲ್ಲಿಯೇ.