ಮಗ ಹಾರುತ್ತೇನೆ ಎಂದಾಗ

ಕಳೆದ ಚಳಿಗಾಲದ ಒಂದು ಸಂಜೆ, ಅಸರ್ ನಮಾಝ್ ಮುಗಿಸಿ ಕುಳಿತಿದ್ದೆ. ನಮ್ಮ ಕಿನ್ನಾಳದ ಓರ್ವ ತಾಯಿ ಕೈಯಲ್ಲಿ ಮೊಬೈಲ್ ಹಿಡಿದು ಬಂದರು. ಅವರ ಮಗ ಒಂದು ಕಾಲದಲ್ಲಿ ನನ್ನ ತರಗತಿಯ ಹಿಂದಿನ ಬೆಂಚಿನ ಹುಡುಗ. ಈಗ ದುಬೈಯಲ್ಲಿ ಎ.ಸಿ. ಮೆಕ್ಯಾನಿಕ್; ರಜೆಯ ಮೇಲೆ ಊರಿಗೆ ಬಂದಿದ್ದ. ಮೊಬೈಲಿನ ಪರದೆಯ ಮೇಲೆ ಒಂದು ಚಿತ್ರ: ಬೆನ್ನಿಗೆ ದೊಡ್ಡ ಫ್ಯಾನ್ ಕಟ್ಟಿಕೊಂಡ ಮನುಷ್ಯ, ಅವನ ತಲೆಯ ಮೇಲೆ ಬಣ್ಣದ ಬಟ್ಟೆಯ ಉದ್ದನೆಯ ರೆಕ್ಕೆ.

"ಆಪಾ, ಇದನ್ನ ತಗೋತಾನಂತ್ರಿ. ಯಾರೋ ಹಳೇದು ಮಾರಾಕತ್ತಾರಂತ. ಮೊಬೈಲ್ ನೋಡಿ ಕಲೀತೀನಿ ಅಂತಾನ. ನಿಮ್ಮ ಮಾತಂದ್ರ ಕೇಳ್ತಾನ್ರಿ, ಬ್ಯಾಡ ಅಂತ ಒಂದ್ ಮಾತ್ ಹೇಳ್ರಿ."

ನಾನು ಕೂಡಲೇ ಬೇಡ ಎನ್ನಲಿಲ್ಲ. ಬೇಡ ಎಂದರೆ ನನ್ನೆದುರು ತಲೆಯಾಡಿಸುತ್ತಾನೆ, ಆಮೇಲೆ ಗೆಳೆಯರೊಂದಿಗೆ ಹೊಲದಲ್ಲಿ ಕದ್ದು ಹಾರುತ್ತಾನೆ. ಇಪ್ಪತ್ತು ವರ್ಷ ಹುಡುಗರಿಗೆ ಪಾಠ ಹೇಳಿದವಳಿಗೆ ಇಷ್ಟಾದರೂ ಗೊತ್ತಿರಬೇಡವೇ? ಒಂದು ತಿಂಗಳ ಸಮಯ ಕೇಳಿದೆ. ಆ ತಿಂಗಳಲ್ಲಿ ಓದಿ, ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಏಕೆಂದರೆ ಪ್ರಿಯ ಸಹೋದರಿಯರೇ, ಇಂದಲ್ಲ ನಾಳೆ ಈ ಪ್ರಶ್ನೆ ನಿಮ್ಮ ಮನೆಯ ಹೊಸ್ತಿಲಿಗೂ ಬರಬಹುದು. ಕೇಳುವವನು ಮಗನೇ ಆಗಬೇಕೆಂದಿಲ್ಲ, ಮಗಳೂ ಆಗಿರಬಹುದು.

ಮೊದಲು ಇದು ಏನೆಂದು ನೋಡೋಣ. ಬೆಟ್ಟದ ಅಂಚಿನಿಂದ ಓಡಿ ಗಾಳಿಯಲ್ಲಿ ತೇಲುವುದು ಪ್ಯಾರಾಗ್ಲೈಡಿಂಗ್. ಅದೇ ರೆಕ್ಕೆಗೆ ಬೆನ್ನ ಮೇಲೊಂದು ಎಂಜಿನ್ ಸೇರಿದರೆ ಬೆಟ್ಟ ಬೇಕಾಗಿಲ್ಲ, ಬಯಲಿನಿಂದಲೇ ಏರಬಹುದು. ಇದಕ್ಕೆ ಪ್ಯಾರಾಮೋಟರ್ ಎನ್ನುತ್ತಾರೆ. ಎಂಜಿನ್ ಸಾಮಾನ್ಯವಾಗಿ 80ರಿಂದ 200 ಸಿ.ಸಿ.ಯ ಟೂ ಸ್ಟ್ರೋಕ್. ಹಿಂದೆ ನಮ್ಮ ಅಣ್ಣಂದಿರು ಓಡಿಸುತ್ತಿದ್ದ ಆರ್‌ಎಕ್ಸ್ 100 ಬೈಕಿನ ಎಂಜಿನ್ನಿನ ಜಾತಿಯದೇ. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕು. ಎಂಜಿನ್, ಪಂಜರ, ಸೀಟು ಎಲ್ಲ ಸೇರಿ 20ರಿಂದ 35 ಕಿಲೋ ತೂಕ. ಅಂದರೆ ಅರ್ಧ ಚೀಲ ಅಕ್ಕಿ ಹೊತ್ತು ಓಡಿದಂತೆ! ಗಾಳಿಯಲ್ಲಿ ಇದರ ವೇಗ ಗಂಟೆಗೆ ಸುಮಾರು 35-45 ಕಿಲೋಮೀಟರ್.

ಎಂಜಿನ್ ಅರ್ಧದಲ್ಲಿ ನಿಂತರೆ ಕಲ್ಲಿನಂತೆ ಬೀಳುತ್ತಾರೆ ಎಂಬುದು ನಮ್ಮೆಲ್ಲರ ಹೆದರಿಕೆ. ಅದು ಸರಿಯಲ್ಲ. ಹಾರಿಸುವುದು ರೆಕ್ಕೆ, ಎಂಜಿನ್ ಮುಂದಕ್ಕೆ ತಳ್ಳುತ್ತದೆ ಅಷ್ಟೆ. ಎಂಜಿನ್ ನಿಂತರೂ ರೆಕ್ಕೆ ನಿಧಾನವಾಗಿ ತೇಲಿಸಿಕೊಂಡು ಕೆಳಗಿಳಿಸುತ್ತದೆ. ಕಲಿತವನಿಗೆ ಅದು ದೊಡ್ಡ ವಿಷಯವಲ್ಲ. ಇಲ್ಲಿ 'ಕಲಿತವನಿಗೆ' ಎಂಬ ಮಾತೇ ಮುಖ್ಯ.

ಸೂರಃ ಅಲ್ ಮುಲ್ಕ್ ಓದುವ ನಮಗೆ ರೆಕ್ಕೆ ಬಿಚ್ಚಿ ಮಡಚುವ ಹಕ್ಕಿಗಳ ವಿಷಯ ಹೊಸದಲ್ಲ. ಹಕ್ಕಿಯನ್ನು ನೋಡಿ ತಾನೂ ಹಾರಲು ಹೊರಟವರಲ್ಲಿ ಒಂಬತ್ತನೇ ಶತಮಾನದ ಸ್ಪೇನಿನ ಕುರ್ತುಬಾ ನಗರದ ವಿದ್ವಾಂಸ ಅಬ್ಬಾಸ್ ಇಬ್ನ್ ಫಿರ್ನಾಸ್ ಹೆಸರು ದೊಡ್ಡದು. ಬಗ್ದಾದಿನಲ್ಲಿ ಅವರ ಪ್ರತಿಮೆಯಿದೆ, ಚಂದ್ರನ ಮೇಲಿನ ಒಂದು ಕುಳಿಗೂ ಅವರ ಹೆಸರಿದೆ. ಅವರು ರೆಕ್ಕೆ ಕಟ್ಟಿಕೊಂಡು ಎತ್ತರದಿಂದ ಹಾರಿ ಸ್ವಲ್ಪ ದೂರ ತೇಲಿದರು, ಆದರೆ ಇಳಿಯುವಾಗ ಬೆನ್ನಿಗೆ ಪೆಟ್ಟಾಯಿತು ಎಂದು ಹದಿನೇಳನೇ ಶತಮಾನದ ಇತಿಹಾಸಕಾರ ಅಲ್ ಮಕ್ಕರಿ ಬರೆದಿದ್ದಾರೆ. ಹಕ್ಕಿ ಇಳಿಯುವಾಗ ಬಾಲವನ್ನು ಬಳಸುವುದನ್ನು ಅವರು ಗಮನಿಸಿರಲಿಲ್ಲವಂತೆ. ಹುಡುಗನಿಗೆ ನಾನು ಈ ಕಥೆ ಹೇಳಿದಾಗ ನಕ್ಕ. "ಆಪಾ, ನೀವು ಎಲ್ಲಾದಕ್ಕೂ ಕಥಿ ತರ್ತೀರಿ" ಎಂದ. ತರುತ್ತೇನೆ. ಅಷ್ಟು ದೊಡ್ಡ ವಿದ್ವಾಂಸರೇ ಇಳಿಯುವುದರಲ್ಲಿ ಎಡವಿದರು. ಇವನು ಮೊಬೈಲ್ ನೋಡಿ ಕಲಿಯುತ್ತಾನಂತೆ!

ಕಲಿಕೆ ಹೇಗೆ ನಡೆಯುತ್ತದೆಂದು ತಿಳಿದಾಗ ನನಗೇ ಆಶ್ಚರ್ಯವಾಯಿತು. ಒಳ್ಳೆಯ ಶಾಲೆಯಲ್ಲಿ ಮೊದಲ ದಿನಗಳಲ್ಲಿ ಎಂಜಿನ್ನನ್ನು ಮುಟ್ಟಲೂ ಬಿಡುವುದಿಲ್ಲ. ಬಯಲಿನಲ್ಲಿ ನಿಂತು ರೆಕ್ಕೆಯನ್ನು ಗಾಳಿಪಟದಂತೆ ತಲೆಯ ಮೇಲೆ ಎಬ್ಬಿಸುವುದು, ಅಲುಗದಂತೆ ನಿಲ್ಲಿಸುವುದು, ಇಳಿಸುವುದು. ಮತ್ತೆ ಎಬ್ಬಿಸುವುದು. ನಾಝಿರಾ ಕಲಿಯುವ ಮಗು ಅಲಿಫ್, ಬಾ, ತಾ ಎಂದು ದಿನಗಟ್ಟಲೆ ತಿದ್ದಿದ ಹಾಗೆ. ಕೈ, ಭುಜ, ಕಾಲು ಯೋಚಿಸದೆಯೇ ರೆಕ್ಕೆಗೆ ಉತ್ತರ ಕೊಡುವವರೆಗೂ ಇದೇ ಪಾಠ. ಬಳಿಕ ಸಣ್ಣ ಇಳಿಜಾರಿನಿಂದ ಎಂಜಿನ್ ಇಲ್ಲದೆ ಹಾರಿ ಇಳಿಯುವುದು. ಅದರ ನಂತರವೇ ಎಂಜಿನ್. ಅದೂ ಮೊದಲು ಬೆನ್ನಿಗೆ ಕಟ್ಟಿಕೊಂಡು ನೆಲದ ಮೇಲೆ ಓಡಿ ಅಭ್ಯಾಸ. ಮೊದಲ ಏಕಾಂಗಿ ಹಾರಾಟದಲ್ಲಿ ಹೆಲ್ಮೆಟ್ಟಿನೊಳಗಿನ ರೇಡಿಯೋದಲ್ಲಿ ಕೆಳಗಿನಿಂದ ಗುರುವಿನ ಧ್ವನಿ ಕೇಳುತ್ತಲೇ ಇರಬೇಕು. ಗಾಳಿ ಸಹಕರಿಸಿದರೆ ಇದಕ್ಕೆಲ್ಲ ಒಂದು ವಾರದಿಂದ ಹತ್ತು ದಿನ ಹಿಡಿಯಬಹುದು. ಗಾಳಿ ಸಹಕರಿಸದಿದ್ದರೆ ಕಾಯಬೇಕು. ಕಾಯಲಾರದವನಿಗೆ ಈ ಆಟವೇ ಬೇಡ.

ನಮ್ಮ ಸುತ್ತಿನಲ್ಲಿ ಇದಕ್ಕೆ ಹೆಸರಾದ ಜಾಗವೆಂದರೆ ಮಹಾರಾಷ್ಟ್ರದ ಕಾಮ್‌ಶೇತ್, ಪುಣೆ-ಮುಂಬಯಿ ದಾರಿಯಲ್ಲಿದೆ. ಅಲ್ಲಿ ಹಲವು ವರ್ಷಗಳಿಂದ ಪ್ಯಾರಾಗ್ಲೈಡಿಂಗ್ ಶಾಲೆಗಳಿವೆ. ಹಿಮಾಚಲದ ಬೀರ್-ಬಿಲ್ಲಿಂಗ್ ಇನ್ನೂ ಪ್ರಸಿದ್ಧ, 2015ರಲ್ಲಿ ಅಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದಿತ್ತು. ಆದರೆ ಎಂಜಿನ್ ಕಟ್ಟಿಕೊಳ್ಳಬೇಕೆಂದಿರುವವನಿಗೆ ಅಷ್ಟು ದೊಡ್ಡ ಬೆಟ್ಟ ಬೇಕಿಲ್ಲ.

ಕಿನ್ನಾಳದಲ್ಲೇ ಏಕೆ ಕಲಿಯಬಾರದು, ಬಯಲು ಸಾಕಷ್ಟಿದೆಯಲ್ಲ ಎಂದು ಹುಡುಗ ವಾದಿಸಿದ. ಬಯಲೇನೋ ಇದೆ. ಆದರೆ ನಮ್ಮ ಜಿಲ್ಲೆಯ ಆಕಾಶವನ್ನು ಒಮ್ಮೆ ತಲೆಯೆತ್ತಿ ನೋಡಿ. ಕುಕನೂರು, ಯಲಬುರ್ಗಾ ಕಡೆ ಗಾಳಿ ವಿದ್ಯುತ್ತಿನ ಕಂಬಗಳು, ಅವುಗಳಿಂದ ಹೊರಟ ತಂತಿಗಳು. ತಂತಿ ದೂರದಿಂದ ಕಾಣುವುದಿಲ್ಲ, ಕಂಡಾಗ ತಡವಾಗಿರುತ್ತದೆ. ಬೇಸಿಗೆಯ ಮಧ್ಯಾಹ್ನ ನಮ್ಮ ಹೊಲಗಳಲ್ಲಿ ಏಳುವ ಸುಂಟರಗಾಳಿ ನೀವೆಲ್ಲ ಕಂಡಿದ್ದೀರಿ. ಒಣಹಾಕಿದ ಬಟ್ಟೆಯನ್ನೇ ಎತ್ತಿಕೊಂಡು ಹೋಗುತ್ತದೆ, ಹಾರುವ ಬಟ್ಟೆಯನ್ನು ಬಿಡುತ್ತದೆಯೇ? ಮುಂಗಾರಿನ ಗಾಳಿಯಲ್ಲಂತೂ ಮಾತೇ ಇಲ್ಲ. ಹೊಸಬರು ಹಾರಬೇಕಾದದ್ದು ಗಾಳಿ ಮಲಗಿರುವ ಹೊತ್ತಿನಲ್ಲಿ: ಸೂರ್ಯೋದಯದ ನಂತರದ ಒಂದೆರಡು ಗಂಟೆ, ಇಲ್ಲವೇ ಸಂಜೆ ಸೂರ್ಯ ಮುಳುಗುವ ಮುನ್ನ. ಫಜರ್‌ಗೆ ಏಳುವವರಿಗೆ ಇದೊಂದು ಅನುಕೂಲ!

ಇನ್ನು ನಮ್ಮೂರಿನ ಹಿರೇಹಳ್ಳ ಜಲಾಶಯ. ನೀರಿನ ಮೇಲೆ ಹಾರುವ ಚಿತ್ರ ಚೆಂದ ಬರುತ್ತದೆ ಎಂಬುದು ಹುಡುಗನ ಆಸೆ. ನಾನು ಗಟ್ಟಿಯಾಗಿ ಬೇಡ ಎಂದದ್ದು ಇದೊಂದಕ್ಕೆ. 2020ರ ಅಕ್ಟೋಬರ್‌ನಲ್ಲಿ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು, ಅದರಲ್ಲಿ ಕುಳಿತಿದ್ದ ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಕೊಂಡರು. ಹಾರಿಸುತ್ತಿದ್ದವರು ಬದುಕಿದರು. ಸಮುದ್ರವೇ ವೃತ್ತಿಯಾಗಿದ್ದ ಮನುಷ್ಯ ದಡದ ಹತ್ತಿರವೇ ಹೋದರು! ಬೆಲ್ಟಿನಿಂದ ಬಿಗಿದ ದೇಹ, ಬೆನ್ನಿಗೆ ಭಾರದ ಎಂಜಿನ್, ಸುತ್ತಲೂ ನೂಲಿನಂಥ ಹಗ್ಗಗಳು - ನೀರಿನಲ್ಲಿ ಇವುಗಳಿಂದ ಬಿಡಿಸಿಕೊಳ್ಳುವುದು ಈಜು ಬಲ್ಲವನಿಗೂ ಕಷ್ಟ. ನೀರಿಗೆ ಬಿದ್ದಾಗ ತಾನಾಗಿ ಉಬ್ಬುವ ತೇಲುಚೀಲಗಳು ಸಿಗುತ್ತವೆ. ಆದರೆ ಹೊಸಬರಿಗೆ ನೀರಿನಿಂದ ದೂರ ಇರುವುದೇ ಕ್ಷೇಮ. 2025ರ ಜನವರಿಯಲ್ಲಿ ಗೋವಾದ ಕೇರಿಯಲ್ಲಿ, ಎಂಜಿನ್ ಇಲ್ಲದ ಪ್ಯಾರಾಗ್ಲೈಡರ್ ಬಿದ್ದು ಪ್ರವಾಸಕ್ಕೆ ಬಂದಿದ್ದ ಯುವತಿಯೂ ಹಾರಿಸುತ್ತಿದ್ದ ಯುವಕನೂ ಮೃತಪಟ್ಟರು. ಪ್ರವಾಸಕ್ಕೆ ಹೋದಾಗ ಹತ್ತು ನಿಮಿಷದ ಮೋಜಿಗೆಂದು ಮಕ್ಕಳನ್ನು ಕೂರಿಸುವ ಮುನ್ನ ಇದು ನೆನಪಿರಲಿ.

ಈಗ ಖರೀದಿಯ ವಿಷಯ. ಮಾರುವವನ ಚಿತ್ರದಲ್ಲಿ ಎಂಜಿನ್ ಹೊಳೆಯುತ್ತಿತ್ತು, ರೆಕ್ಕೆ ಚೀಲದೊಳಗಿತ್ತು. ಹುಡುಗನೂ ಎಂಜಿನ್ನಿನ ಬಗ್ಗೆಯೇ ಮಾತಾಡಿದ, ಮೆಕ್ಯಾನಿಕ್ ಅಲ್ಲವೇ? ಹೊಸಬರು ಮಾಡುವ ತಪ್ಪೇ ಇದು. ಜೀವ ತೂಗುವುದು ಬಟ್ಟೆಯಲ್ಲಿ.

ಮಗ್ಗ ನೋಡಿದವರಿಗೆ ಈ ಬಟ್ಟೆ ಬೇಗ ಅರ್ಥವಾಗುತ್ತದೆ. ತೆಳುವಾದ ನೈಲಾನ್, ನಡುನಡುವೆ ದಪ್ಪ ಎಳೆ ಕೊಟ್ಟು ಚೌಕ ಚೌಕವಾಗಿ ನೇಯ್ದಿರುತ್ತಾರೆ. ಒಂದು ಕಡೆ ಹರಿದರೆ ಹರಿತ ಮುಂದಕ್ಕೆ ಓಡದಿರಲಿ ಎಂದು. ಮೇಲೆ ಗಾಳಿ ಸೋರದಂತೆ ಲೇಪ. ಬಿಸಿಲು ಇದರ ಶತ್ರು. ಸುಮಾರು 300 ಗಂಟೆ ಹಾರಿದ ರೆಕ್ಕೆ ಸಾಮಾನ್ಯವಾಗಿ ಮುದಿಯಾಯಿತು ಎನ್ನುತ್ತಾರೆ. ಲೇಪ ಸವೆದ ಬಟ್ಟೆಯಿಂದ ಗಾಳಿ ಸೋರುತ್ತದೆ, ಹಗ್ಗಗಳು ಕುಗ್ಗಿ ಅಳತೆ ತಪ್ಪುತ್ತವೆ, ರೆಕ್ಕೆ ತಲೆಯ ಮೇಲೆ ಏಳಲು ಸತಾಯಿಸುತ್ತದೆ. ಕಣ್ಣಿಗೆ ಮಾತ್ರ ಬಣ್ಣ ಚೆನ್ನಾಗಿಯೇ ಕಾಣಬಹುದು! ಆದ್ದರಿಂದ ಹಳೆಯ ರೆಕ್ಕೆ ಕೊಳ್ಳುವುದಾದರೆ ಗಾಳಿ ಸೋರಿಕೆ, ಹಗ್ಗದ ಅಳತೆ ಎರಡನ್ನೂ ಬಲ್ಲವರಿಂದ ಪರೀಕ್ಷೆ ಮಾಡಿಸದೆ ಹಣ ಕೊಡಬಾರದು.

ಯುರೋಪಿನ ಪರೀಕ್ಷೆಯ ಪ್ರಕಾರ ರೆಕ್ಕೆಗಳಿಗೆ ಎ, ಬಿ, ಸಿ, ಡಿ ಎಂದು ದರ್ಜೆಯಿದೆ. ಶಾಲೆಯ ಅಂಕಪಟ್ಟಿಯಂತೆ ಎ ಎಂದರೆ ಚುರುಕು ಎಂದು ತಿಳಿಯಬೇಡಿ. ಎ ಎಂದರೆ ಶಾಂತ ಸ್ವಭಾವದ್ದು. ಗಾಳಿಯ ಹೊಡೆತಕ್ಕೆ ಒಂದು ಮಗ್ಗುಲು ಮಡಚಿದರೂ ಹೆಚ್ಚಾಗಿ ತಾನೇ ಬಿಚ್ಚಿಕೊಳ್ಳುತ್ತದೆ, ತಪ್ಪು ಮಾಡಿದವನನ್ನು ಕ್ಷಮಿಸುತ್ತದೆ. ಹೊಸಬರಿಗೆ ಅದೇ. ಡಿ ಪಂದ್ಯದವರಿಗೆ.

ರೆಕ್ಕೆಯ ಗಾತ್ರವನ್ನು ತೂಕ ನೋಡಿ ಆರಿಸಬೇಕು. ಹುಡುಗನ ತೂಕ 65 ಕಿಲೋ. ಎಂಜಿನ್ 27, ಪೆಟ್ರೋಲ್ 4, ರೆಕ್ಕೆ 6, ಹೆಲ್ಮೆಟ್, ಬೂಟು, ಉಡುಪು 3. ಒಟ್ಟು 105. ರೆಕ್ಕೆಯ ಮೇಲೆ ಹೊಲಿದ ಚೀಟಿಯಲ್ಲಿ ಇಂತಿಷ್ಟರಿಂದ ಇಂತಿಷ್ಟು ಕಿಲೋ ಎಂದು ಬರೆದಿರುತ್ತದೆ, ಈ 105 ಅದರೊಳಗೆ ಬರಬೇಕು. ಮಾರುವವನಿಗೆ ಫೋನ್ ಮಾಡಿಸಿ ಚೀಟಿ ಓದಲು ಹೇಳಿದೆವು. 70ರಿಂದ 90 ಎಂದಿತ್ತು! ಎಂಜಿನ್ ಇಲ್ಲದೆ ಹಾರುವ, ಇವನಿಗಿಂತ ತೆಳ್ಳಗಿನ ಯಾರದೋ ರೆಕ್ಕೆ ಅದು. ವ್ಯಾಪಾರ ಅಲ್ಲಿಗೇ ನಿಂತಿತು, ಅಲ್‌ಹಮ್ದುಲಿಲ್ಲಾಹ್.

ಎಂಜಿನ್ನಿನ ಬಗ್ಗೆ ಹೆಚ್ಚು ಹೇಳಲಾರೆ, ಅದು ನನ್ನ ವಿಷಯವಲ್ಲ. 65 ಕಿಲೋದ ಹುಡುಗನಿಗೆ ಎಲ್ಲಕ್ಕಿಂತ ಶಕ್ತಿಯದೇ ಬೇಕೆಂದಿಲ್ಲ. ಜೋರಿನ ಎಂಜಿನ್ ಬೆನ್ನ ಮೇಲೆ ಭಾರ, ಏಕಾಏಕಿ ಎಕ್ಸಲೇಟರ್ ಕೊಟ್ಟರೆ ಒಂದು ಪಕ್ಕಕ್ಕೆ ತಿರುಚುತ್ತದೆ ಕೂಡಾ. ಬಿಡಿಭಾಗ ಸುಲಭವಾಗಿ ಸಿಗುವಂಥದ್ದು, ಕಲಿಸಿದ ಗುರುವಿಗೆ ರಿಪೇರಿ ಗೊತ್ತಿರುವಂಥದ್ದು ಒಳ್ಳೆಯದು. ಒಂದು ಎಚ್ಚರ ಮಾತ್ರ ಮನೆಮಂದಿಯೆಲ್ಲ ತಿಳಿದಿರಬೇಕು. ಎಂಜಿನ್ನಿನಿಂದಾಗುವ ದೊಡ್ಡ ಗಾಯಗಳಲ್ಲಿ ಹೆಚ್ಚಿನವು ಆಕಾಶದಲ್ಲಿ ಆಗುವುದಿಲ್ಲ, ನೆಲದ ಮೇಲೆ ಸ್ಟಾರ್ಟ್ ಮಾಡುವಾಗ ಆಗುತ್ತವೆ. ತಿರುಗುವ ಪ್ರೊಪೆಲರಿಗೆ ಕೈ ಸಿಕ್ಕರೆ ಬೆರಳು ಉಳಿಯುವುದಿಲ್ಲ. ಅಂಗಳದಲ್ಲಿ ರಿಪೇರಿಗಿಟ್ಟು ಸ್ಟಾರ್ಟ್ ಮಾಡಿ ತೋರಿಸುವುದು, ಸುತ್ತಲೂ ತಮ್ಮ ತಂಗಿಯರು ನಿಂತು ನೋಡುವುದು ಖಂಡಿತ ಕೂಡದು. ದುಪಟ್ಟಾ, ಬುರ್ಖಾದ ತುದಿ, ಸಡಿಲ ಸೆರಗು ಹತ್ತಿರ ಸುಳಿಯಬಾರದು. ಕಲಿಯುವ ಹೆಣ್ಣುಮಕ್ಕಳಿಗೆ ಕುತ್ತಿಗೆಯಿಂದ ಪಾದದವರೆಗೆ ಮುಚ್ಚುವ ಹಾರಾಟದ ಉಡುಪಿದೆ. ಹೆಲ್ಮೆಟ್ಟಿನೊಳಗೆ ಬಿಗಿಯಾದ ಹಿಜಾಬ್ ಟೋಪಿ ಹಾಕಿಕೊಂಡರೆ ಪರದೆಗೂ ಸುರಕ್ಷತೆಗೂ ಸರಿ. ರಿಸರ್ವ್ ಪ್ಯಾರಾಚೂಟ್ ಇರಲೇಬೇಕು. ಅದನ್ನು ಕೊಂಡು ಮರೆಯುವಂತಿಲ್ಲ, ಕಾಲಕಾಲಕ್ಕೆ ಬಿಚ್ಚಿ ಮತ್ತೆ ಮಡಚಿಸಬೇಕು.

ಹೆಣ್ಣುಮಕ್ಕಳ ಮಾತು ಬಂದಾಗ ಸಾಶಾ ಡೆಂಚ್ ನೆನಪಾಗುತ್ತಾರೆ. 2016ರಲ್ಲಿ ಈಕೆ ರಷ್ಯಾದ ಉತ್ತರದಿಂದ ಇಂಗ್ಲೆಂಡಿನವರೆಗೆ ವಲಸೆ ಹೋಗುವ ಹಂಸಗಳ ಜಾಡು ಹಿಡಿದು ಸುಮಾರು 7,000 ಕಿಲೋಮೀಟರ್ ಪ್ಯಾರಾಮೋಟರಿನಲ್ಲಿ ಸಾಗಿದರು. ಆ ದಾರಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಪ್ಯಾರಾಮೋಟರಿನಲ್ಲಿ ದಾಟಿದ ಮೊದಲ ಮಹಿಳೆಯೂ ಆದರು. ಇಷ್ಟು ಅನುಭವಿಯಾದ ಆಕೆಯೇ 2021ರ ಸೆಪ್ಟೆಂಬರ್‌ನಲ್ಲಿ ಸ್ಕಾಟ್ಲೆಂಡಿನಲ್ಲಿ ಅಪಘಾತಕ್ಕೀಡಾಗಿ ತೀವ್ರವಾಗಿ ಗಾಯಗೊಂಡರು. ಜೊತೆಗೆ ಹಾರುತ್ತಿದ್ದವರು ಅಸುನೀಗಿದರು. ಎರಡೂ ಸಂಗತಿಗಳನ್ನು ನಾನು ಹುಡುಗನಿಗೆ ಒಟ್ಟಿಗೇ ಹೇಳಿದೆ.

ಕಾನೂನಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2022ರ ಜೂನ್‌ನಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ವಾಯು ಕ್ರೀಡಾ ನೀತಿಯನ್ನು ಪ್ರಕಟಿಸಿತು. ಪ್ಯಾರಾಮೋಟರ್ ಅದರೊಳಗಿದೆ, ಹಾರುವವರೂ ಮುಖ್ಯ ಸಲಕರಣೆಗಳೂ ನೋಂದಣಿಯಾಗಬೇಕೆಂದು ಅದು ಹೇಳುತ್ತದೆ. ನಮ್ಮ ಗಿಣಿಗೇರಿಯ ಬಳಿ ಖಾಸಗಿ ವಿಮಾನ ಇಳಿದಾಣವಿದೆ, ಅಂಥ ಕಡೆ ಕೇಳದೆ ಹಾರುವಂತಿಲ್ಲ. ದಿಲ್ಲಿಯಲ್ಲಿ ಗಣರಾಜ್ಯೋತ್ಸವದ ಮುಂಚೆ ಪೊಲೀಸರು ಹೊರಡಿಸುವ ನಿಷೇಧದ ಆದೇಶದಲ್ಲಿ ಡ್ರೋನ್ ಜೊತೆಗೆ ಪ್ಯಾರಾಮೋಟರ್ ಹೆಸರೂ ಇರುತ್ತದೆ. ಇನ್ನೊಂದು ಮಾತನ್ನು ಬಾಯಿಬಿಟ್ಟು ಹೇಳಲು ಮನಸ್ಸಾಗುವುದಿಲ್ಲ, ಆದರೂ ತಾಯಂದಿರಿಗೆ ಗೊತ್ತಿರುವುದೇ. ನಮ್ಮ ಹೆಸರಿನ ಹುಡುಗನೊಬ್ಬ ಅನುಮತಿಯಿಲ್ಲದ ಯಂತ್ರದಲ್ಲಿ ಯಾರದೋ ಊರಿನ ಮೇಲೆ ಹಾರಿದರೆ ಅದು ಬರೀ ಹುಡುಗಾಟ ಎಂದು ಎಲ್ಲರೂ ನಂಬುವ ಕಾಲ ಇದಲ್ಲ. ಶಾಲೆಯ ಪ್ರಮಾಣಪತ್ರ, ಖರೀದಿಯ ರಸೀದಿ, ಜಿಲ್ಲಾಡಳಿತ ಮತ್ತು ಪೊಲೀಸರ ಅನುಮತಿ, ಹೊಲದ ಮಾಲೀಕರ ಒಪ್ಪಿಗೆ - ಎಲ್ಲವೂ ಕಾಗದದಲ್ಲಿರಲಿ.

ಇದು ಧರ್ಮಕ್ಕೆ ಒಪ್ಪಿತವೇ ಎಂದು ಆ ತಾಯಿ ಕೇಳಿದರು. ನಾನು ಮುಫ್ತಿಯಲ್ಲ. ಪ್ರವಾದಿ(ಸ)ಯವರು ಕುದುರೆ ಸವಾರಿ, ಬಿಲ್ವಿದ್ಯೆಯಂಥ ಕಸುಬುಗಳನ್ನು ಪ್ರೋತ್ಸಾಹಿಸಿದ್ದು ಗೊತ್ತು. ಜೀವವನ್ನು ಬೇಕೆಂದೇ ಅಪಾಯಕ್ಕೆ ತಳ್ಳಬಾರದೆಂಬುದೂ ಗೊತ್ತು. ಗುರುವಿನ ಬಳಿ ಕಲಿತು ಹಾರುವುದಕ್ಕೂ ಮೊಬೈಲ್ ನೋಡಿ ಹಾರುವುದಕ್ಕೂ ಈ ಎರಡರ ನಡುವಿನ ಅಂತರವಿದೆ ಎಂದಷ್ಟೇ ಹೇಳಿದೆ. ಪೂರ್ತಿ ಸೆಟ್ಟು ಹೊಸದಾಗಿ ಕೊಂಡರೆ ಹಲವು ಲಕ್ಷ ರೂಪಾಯಿ. ಅದಕ್ಕಾಗಿ ಬಡ್ಡಿಯ ಸಾಲ ಮಾಡುವುದಾದರೆ ನನ್ನ ಮನೆಗೆ ಬರಬೇಡ ಎಂದೂ ಹುಡುಗನಿಗೆ ಹೇಳಿದ್ದೇನೆ.

ತಾಯಿಯೇ ಈಗ ಶಾಲೆಗಳಿಗೆ ಫೋನ್ ಮಾಡುತ್ತಿದ್ದಾರೆ. ಗುರುವಿಗೆ ಎಷ್ಟು ವರ್ಷದ ಅನುಭವ? ಎಂಜಿನ್ ಮುಟ್ಟಿಸುವ ಮುನ್ನ ಎಷ್ಟು ದಿನ ನೆಲದ ಅಭ್ಯಾಸ? ಗಾಳಿ ಕೆಟ್ಟರೆ ಹಣ ವಾಪಸ್ಸೋ, ಇನ್ನೊಂದು ದಿನವೋ? ಕಲಿಯಲು ಸಲಕರಣೆ ನೀವೇ ಕೊಡುತ್ತೀರಾ? ಮೊದಲು ಮಾತಾಡಿಸಿದವರು ಮೂರೇ ದಿನದಲ್ಲಿ ಹಾರಿಸಿಬಿಡುತ್ತೇವೆ ಎಂದರಂತೆ. ಆಕೆ ಸಲಾಂ ಹೇಳಿ ಫೋನ್ ಇಟ್ಟು, ಪಟ್ಟಿಯಲ್ಲಿ ಮುಂದಿನ ನಂಬರ್ ಹುಡುಕಿದರು.